ಮಣ್ಣಿನ ದಿನದ ಫೋಟೋಗಳು

ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಕನ್ನಡದವರಲ್ಲಿ ಹಿಮದ ಫೋಟೋ ಎಂದರೆ ಲಿಂಗರಾಜನದೇ. ಬೇರೆಯವರು ತೆಗೆದರೆ ಹಿಮ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಇವನದು ಹಾಲಿನಷ್ಟು ಬೆಳ್ಳಗೆ. ಗುಟ್ಟೇನೂ ಇರಲಿಲ್ಲ. ಅಷ್ಟು ಬಿಳುಪು ಕಂಡರೆ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ತಿಳಿದು ತಾನೇ ಕಡಿಮೆ ಮಾಡಿಬಿಡುತ್ತದೆ, ನಾವು ಬೇಕೆಂದೇ ಹೆಚ್ಚಿಸಿಕೊಳ್ಳಬೇಕು. ಇದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿ ಅವನು ತಲೆ ತಿನ್ನುತ್ತಿದ್ದ.

ಆ ಜನವರಿಯಲ್ಲಿ ಅವನ ಮಗಳು ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡಳು. ಹೆಂಡತಿ ಸ್ಪಂದನಾಳಿಗೆ ಹೆರಿಗೆಯ ಆಪರೇಷನ್ನಿನ ಗಾಯ ನಂಜಾಗಿ ಜ್ವರ. ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಮಣ್ಣಿನ ದಿನ ಬೆಳಿಗ್ಗೆ ಅವಳು ಆಸ್ಪತ್ರೆಯಲ್ಲಿ ಗಂಡನ ಕೈ ಹಿಡಿದುಕೊಂಡಳು.

"ನನಗಂತೂ ಬರೋಕಾಗಲ್ಲ. ಎಲ್ಲಾ ಫೋಟೋ ತೆಗೀರಿ, ನಾನು ನೋಡಬೇಕು. ನನ್ನ ಪಾಲಿನ ಮಣ್ಣೂ ನೀವೇ ಹಾಕಿ. ಬೇರೆ ಯಾರ ಕೈಲೂ ಹಾಕಿಸಬೇಡಿ."

"ಆಯ್ತು" ಎಂದ.

ಸ್ಮಶಾನದಲ್ಲಿ ಮೊಣಕಾಲುದ್ದ ಹಿಮ. ಚಳಿಗೆ ಬ್ಯಾಟರಿ ಕೈಕೊಡುತ್ತದೆಂದು ಇನ್ನೊಂದನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಂಡಿದ್ದ. ಪುಟ್ಟ ಬಿಳಿ ಪೆಟ್ಟಿಗೆ ಬಂತು. ಹಿಮದ ಮೇಲೆ ಬಿಳಿ ಪೆಟ್ಟಿಗೆ ತೆಗೆಯುವುದು ಸುಲಭವಲ್ಲ. ಅಂಚು ಕಾಣುವಂತೆ ಪಕ್ಕಕ್ಕೆ ಸರಿದು, ಬಗ್ಗಿ ತೆಗೆದ. ನಿಜ ಹೇಳಬೇಕೆಂದರೆ, ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟಷ್ಟು ಹೊತ್ತು ಅವನಿಗೆ ಬರೀ ಬೆಳಕು ನೆರಳಿನ ಚಿಂತೆ. ಕಣ್ಣು ತೆಗೆದರೆ ಮಗಳು ಕಾಣುತ್ತಾಳೆ, ತಾನು ಅಲ್ಲೇ ಕುಸಿಯುತ್ತೇನೆ ಎಂದು ಹೆದರಿದ್ದ.

"ಮೊದಲು ನೀವು ಹಾಕಬೇಕು ಲಿಂಗರಾಜ್. ಕ್ಯಾಮೆರಾ ನನಗೆ ಕೊಡಿ" ಎಂದ ಗೆಳೆಯ ಸಾದಿಕ್.

"ಒಂದ್ನಿಮಿಷ. ನೀವೆಲ್ಲ ಶುರು ಮಾಡಿ."

ಆ ಒಂದು ನಿಮಿಷ ಮುಗಿಯಲೇ ಇಲ್ಲ. ಸಾದಿಕ್ ಹಾಕಿದ, ಉಳಿದ ಗೆಳೆಯರು ಹಾಕಿದರು, ಸ್ಮಶಾನದ ಆಳು ಸಲಿಕೆ ಹಿಡಿದ. ಎಳೆಗೂಸಿನ ಗುಂಡಿ ತುಂಬಲು ಎಷ್ಟು ಹೊತ್ತು ಬೇಕು? ಲಿಂಗರಾಜ ಕ್ಯಾಮೆರಾ ಇಳಿಸಿದಾಗ ಆಳು ದಿಬ್ಬವನ್ನು ತಟ್ಟಿ ಸಮ ಮಾಡುತ್ತಿದ್ದ. ಮೇಲೊಂದು ಹಿಡಿ ಹಾಕೋಣವೆಂದರೆ ಸುತ್ತ ಮಣ್ಣು ಉಳಿದಿರಲಿಲ್ಲ, ಹಿಮವಷ್ಟೇ ಇತ್ತು.

ಚಳಿಯಿಂದ ಬೆಚ್ಚಗಿನ ಕೋಣೆಗೆ ತಂದ ಕೂಡಲೇ ಹೊರತೆಗೆದರೆ ಲೆನ್ಸಿಗೆ ತೇವ ಕಟ್ಟುತ್ತದೆ. ಅದಕ್ಕೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಆಸ್ಪತ್ರೆಗೆ ತಂದ. ಅದು ಬೆಚ್ಚಗಾಗುವವರೆಗೆ ಗಂಡ ಹೆಂಡತಿ ಚೀಲವನ್ನೇ ನೋಡುತ್ತ ಕುಳಿತರು.

"ನನ್ನ ಪಾಲಿನದು ಹಾಕಿದ್ರಾ?"

"ಹಾಕ್ದೆ."

"ಕೈಯಲ್ಲೇ?"

"ಕೈಯಲ್ಲೇ."

ಇಷ್ಟು ದಿನಗಳಲ್ಲಿ ಮೊದಲ ಸಲ ಅವಳ ಮುಖ ಸ್ವಲ್ಪ ಸಡಿಲವಾಯಿತು. ಅದನ್ನು ಕಂಡು, ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು ಅಂದುಕೊಂಡ.

ಆಮೇಲೆ ಚೀಲ ಬಿಚ್ಚಿ ಕೊಟ್ಟ. ಅವಳು ಒಂದೊಂದೇ ನೋಡುತ್ತ ಹೋದಳು. ಒಂದಕ್ಕಿಂತ ಒಂದು ಚೆನ್ನಾಗಿದ್ದವು: ಖಾಲಿ ಗುಂಡಿ, ಪೆಟ್ಟಿಗೆ, ಸಾದಿಕ್‌ನ ಕೈ, ಬೀಳುತ್ತಿರುವ ಮಣ್ಣು, ಅರ್ಧ ತುಂಬಿದ ಗುಂಡಿ, ಮುಕ್ಕಾಲು, ದಿಬ್ಬ. ಒಂದು ಹಿಡಿ ಮಣ್ಣು ಬಿದ್ದದ್ದೂ ಫೋಟೋದಿಂದ ತಪ್ಪಿಹೋಗಿರಲಿಲ್ಲ. ಕೊನೆಯದಕ್ಕೆ ಬಂದವಳು ಮತ್ತೆ ಹಿಂದಕ್ಕೆ ಹೋದಳು, ಮತ್ತೆ ಮುಂದಕ್ಕೆ ಬಂದಳು.

"ಇಷ್ಟೂ ನೀವೇ ತೆಗೆದಿದ್ದಾ?"

"ಹೂಂ."

"ಕ್ಯಾಮೆರಾ ಯಾರ ಕೈಗೂ ಕೊಡ್ಲಿಲ್ವಾ?"

ಲಿಂಗರಾಜ ಖಾಲಿ ಚೀಲವನ್ನು ಮಡಿಸತೊಡಗಿದ. ಸ್ಪಂದನಾ ಕೂಗಾಡಲಿಲ್ಲ, ಅಳಲಿಲ್ಲ. ಕ್ಯಾಮೆರಾವನ್ನು ಅವನ ಮಡಿಲಲ್ಲಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು.

"ಎಲ್ಲರ ಮಣ್ಣೂ ಬಿತ್ತು" ಎಂದಳು. "ಅಪ್ಪ ಅಮ್ಮಂದು ಬೀಳ್ಲಿಲ್ಲ."