ಹಲ್ಲಿರುವ ಸೌತೆಕಾಯಿ

ಆನ್ಸೆಲ್ಮ್ ಫುರ್ಟಾಡೊ ಸಮುದ್ರವನ್ನು ಕಣ್ಣು ಮುಚ್ಚಿಕೊಂಡೇ ಓದುತ್ತಿದ್ದ. ಅಮೆರಿಕದ ಕೇಪ್ ಕಾಡ್‌ನ ಹೊರದಂಡೆಯ ಮರಳುದಿಬ್ಬದ ಮೇಲೆ, ಮೊಣಕೈ ಸವೆದ ಕಂದು ಉಣ್ಣೆಕೋಟಿನಲ್ಲಿ, ಗಾಳಿಗೆ ಮುಖವೊಡ್ಡಿ ಹನ್ನೊಂದು ಉಸಿರು ಎಳೆಯುತ್ತಿದ್ದ. ಹತ್ತೂ ಅಲ್ಲ, ಹನ್ನೆರಡೂ ಅಲ್ಲ. ಅವನ ನೆರೆಮನೆಯಲ್ಲಿದ್ದ ಹದಿನಾಲ್ಕು ವರ್ಷವೂ ನಾನು ಎಣಿಸಿದ್ದೇನೆ. ಅಷ್ಟು ಹೊತ್ತೂ, ಉಳಿದ ಗಾಳಗಾರರೆಲ್ಲ ಕೆಳಗೆ ಕೋಲು ಹಿಡಿದು ಕಾಯುತ್ತಿದ್ದರು.

ಮೀನಿನ ಹಿಂಡು ಮೇಯುವಲ್ಲಿ ನೀರಿನ ಮೇಲೆ ಎಣ್ಣೆಪಸೆ ಏಳುತ್ತದೆ, ಅದಕ್ಕೊಂದು ವಾಸನೆ. ಆಗತಾನೆ ಹೆಚ್ಚಿದ ಸೌತೆಕಾಯಿಯಂತಿದ್ದರೆ ಪಟ್ಟೆ ಬಾಸ್, ಎಲ್ಲರೂ ಕಾಯುವ ಮೀನು. ಕಲ್ಲಂಗಡಿಯ ಕಡೆಗೆ ಒಂದೆಳೆ ವಾಲಿದರೆ ನೀಲಿಮೀನು, ಹಲ್ಲಿನಿಂದ ದಾರವನ್ನೇ ಕತ್ತರಿಸುವ ಜಾತಿ. ಆ ಒಂದೆಳೆಯ ಅಂತರವನ್ನು ದೂರದಿಂದಲೇ ಹೇಳಬಲ್ಲ ಮೂಗು ನಮ್ಮ ದಂಡೆಯಲ್ಲಿ ಅವನದೊಂದೇ. "ಸೌತೆ" ಎಂದು ಅವನು ಇಳಿದುಬಂದರೆ ಎಲ್ಲರೂ ಗಾಳ ಎಸೆಯುತ್ತಿದ್ದರು.

ಒಂದು ಚಳಿಗಾಲ ಅವನಿಗೆ ಕೆಟ್ಟ ಜ್ವರ ಬಂದು ಹೋಯಿತು. ಜೂನ್‌ನಲ್ಲಿ ಅವನು "ಸೌತೆ" ಎಂದ. ಕಾಲು ಗಂಟೆಯೊಳಗೆ ಏಳು ದಾರ ತುಂಡಾದವು. ಅವನ ಹಳೆಯ ಗೆಳೆಯ ಜಸಿಂಟೊ ತುಂಡುದಾರ ಎತ್ತಿ ತೋರಿಸಿ ಕೂಗಿದ:

"ಲೋ ಆನ್ಸೆಲ್ಮಾ, ಇದ್ಯಾವ ಸೌತೆಕಾಯೋ ಮಾರಾಯ, ಹಲ್ಲು ಬಂದಿರೋದು?"

"ನಿನ್ನ ಬಾಯಲ್ಲಂತೂ ಇಲ್ಲ, ಅದರ ಬಾಯಲ್ಲಾದ್ರೂ ಇರ್ಲಿ ಬಿಡು!"

ಎಲ್ಲರಿಗಿಂತ ಜೋರಾಗಿ ಆನ್ಸೆಲ್ಮನೇ ನಕ್ಕ.

ಅದೇ ವಾರ ಅವನ ಮನೆಗೆ ಹೋದೆ. ಸೊಪ್ಪಿನ ಸಾರು ಸೀದ ವಾಸನೆ ಬೀದಿಗೇ ಬಂದಿತ್ತು. ಅವನು ಒಲೆಯತ್ತ ಬೆನ್ನು ಹಾಕಿ ಕೂತು ಗಾಳ ಕಟ್ಟುತ್ತಿದ್ದ. ಹಿತ್ತಲಿನಿಂದ ಹೆಂಡತಿ ಡೆಲ್ಫಿನಾ ಓಡಿಬಂದಳು: "ರೀ, ಮೂಗನ್ನ ಸಮುದ್ರದಲ್ಲೇ ಬಿಟ್ಟು ಬಂದ್ರಾ?" ಅವನು ಪಾತ್ರೆಯನ್ನು ನೋಡಲಿಲ್ಲ, ನನ್ನನ್ನು ನೋಡಿದ. "ದಂಡೇಲಿ ಬಾಯಿ ಬಿಡ್ಬೇಡ," ಎಂದ. ನಾನು ಬಿಡಲಿಲ್ಲ.

ಅಕ್ಟೋಬರಿನಲ್ಲಿ ಬಾಸ್ ದಕ್ಷಿಣಕ್ಕೆ ಮರಳುವ ಕೊನೆಯ ದಿನಗಳು. ಒಂದು ಬೆಳಿಗ್ಗೆ ಅವನ ಪಕ್ಕ ನಿಂತಿದ್ದ ನನ್ನ ಸಾಧಾರಣ ಮೂಗಿಗೂ ಮೂರನೆಯ ಉಸಿರಿಗೇ ಅಪ್ಪಟ ಸೌತೆಕಾಯಿಯ ವಾಸನೆ ಬಡಿಯಿತು. ಅವನು ಹನ್ನೊಂದನ್ನೂ ಮುಗಿಸಿ ಹೇಳಿದ: "ಏನಿಲ್ಲ. ಮನೆಗೆ ನಡೀರಿ."

ನಾನು ಜಸಿಂಟೊನನ್ನು ನೋಡಿದೆ. ಅವನ ಮೂಗಿನ ಹೊಳ್ಳೆ ಅರಳಿತ್ತು. ಆದರೂ ದಾರ ಸುತ್ತಿಕೊಂಡ. ಉಳಿದವರೂ ಒಬ್ಬೊಬ್ಬರಾಗಿ ಸುತ್ತಿಕೊಂಡು ದಿಬ್ಬ ಹತ್ತಿದರು. ಯಾರೂ ಗೇಲಿ ಮಾಡಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಹಕ್ಕಿಗಳ ಗದ್ದಲ. ಆನ್ಸೆಲ್ಮ್ ತಿರುಗಿದ. ದಡದಿಂದ ಕಲ್ಲೆಸೆತದ ದೂರದಲ್ಲಿ ನೀರು ಬೆಳ್ಳಗೆ ಕುದಿಯುತ್ತಿತ್ತು. ನೊರೆಯಲ್ಲಿ ಪಟ್ಟೆಪಟ್ಟೆಯ ಬೆನ್ನುಗಳು ಹೊರಳುತ್ತಿದ್ದವು. ಅವನು ನೀರನ್ನು ನೋಡಿದ, ಆಮೇಲೆ ತಿರುಗಿ ನೋಡದೆ ನಡೆಯುತ್ತಿದ್ದ ಗೆಳೆಯರ ಬೆನ್ನುಗಳನ್ನು.

"ನಿಂಗೆ ವಾಸನೆ ಬಂದಿತ್ತೇನೋ, ಜಸಿಂಟೊ?"

"ನೆಗಡಿ ಕಣೋ ನಂಗೆ."

ಆ ಕಂದು ಕೋಟು ಮತ್ತೆ ದಂಡೆಗೆ ಬರಲಿಲ್ಲ.

ಒಂದೇ ಇಂದ್ರಿಯವನ್ನು ನೆಚ್ಚಿ ಬಾಳುವ ಇಂಥವರು ತಪ್ಪಿನಿಂದ ಕುಸಿಯುವುದಿಲ್ಲ. ಗೇಲಿಗೆ ಗೇಲಿ ತಿರುಗಿಸಿ ಮರುದಿನ ಮತ್ತೆ ದಿಬ್ಬದ ಮೇಲೆ ನಿಲ್ಲುತ್ತಾರೆ. ಗೇಲಿ ನಿಂತ ಬೆಳಿಗ್ಗೆ ಮಾತ್ರ ಅವರಿಗೆ ಎಲ್ಲವೂ ತಿಳಿದುಹೋಗುತ್ತದೆ. ಕರುಣೆಯನ್ನು ಪತ್ತೆಹಚ್ಚಲು ಮೂಗು ಬೇಕಾಗುವುದಿಲ್ಲ.