ಬೊಮ್ಮಿ ಬರೆದ ಬೀಟೆಮರಗಳು

“ಥೂ, ಕಾಡುಮುಂಡೆ! ಸುಣ್ಣ ಹೊಡಿ ಅಂದ್ರೆ ಗೋಡೆಗೆಲ್ಲ ಮಸಿ ಬಳ್ಕೊಂಡು ಕುಂತಿದ್ದೀಯಲ್ಲೇ! ನಾಳೆ ಮಿನಿಸ್ಟ್ರು ಬಂದು ಇದ್ಕೆ ಮಂಗಳಾರತಿ ಎತ್ತಬೇಕೇನೇ?”

ಮೇಸ್ತ್ರಿ ಲಿಂಗಯ್ಯ ಒದ್ದ ರಭಸಕ್ಕೆ ಕೆಮ್ಮಣ್ಣಿನ ಕರಟ ಉರುಳಿಹೋಯಿತು. ಬೊಮ್ಮಿ ಇದ್ದಿಲು ಹಿಡಿದ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ದಸರಾ ವಸ್ತುಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು. ಮರದ ಕಂಟ್ರಾಕ್ಟರ್ ನಂಜುಂಡಸ್ವಾಮಿಯವರ ಮಳಿಗೆಗೆ ಸುಣ್ಣ ಹೊಡೆಯಲು ಅವರ ಡಿಪೋದಿಂದಲೇ ಅವಳನ್ನು ಕರೆತಂದಿದ್ದರು. ಹೊರಗೋಡೆ ಮುಗಿದಿತ್ತು. ಒಳಗೋಡೆಯ ಮುಂದೆ ನಿಂತಾಗ ಕೈ ತನ್ನಷ್ಟಕ್ಕೆ ತಾನೇ ಓಡಿಬಿಟ್ಟಿತ್ತು.

ಮೊನ್ನೆ ಅವಳ ಮಗಳು, ಗೆಣಸು ದೇವರಾಜ ಮಾರ್ಕೆಟ್ಟಿನಲ್ಲಿ ಬೆಳೆಯುತ್ತೆ ಅಂದಿದ್ದಳು. ಏಳು ವರ್ಷದ ಹುಡುಗಿ, ಹುಟ್ಟಿದ್ದೇ ಡಿಪೋದ ಮರದ ಹೊಟ್ಟಿನ ಮೇಲೆ. ಆ ಮಾತು ಬೊಮ್ಮಿಯನ್ನು ಕೂತಲ್ಲಿ ಕೂರಲು ಬಿಟ್ಟಿರಲಿಲ್ಲ. ಅದಕ್ಕೇ ಈಗ ಗೋಡೆಯ ಮೇಲೆ ಅವಳ ಕಾಕನಕೋಟೆ ಕಾಡು ಬಂದು ನಿಂತಿತ್ತು. ಹಳ್ಳ, ಆನೆಬಂಡೆ, ಆಚೆ ದಡದಲ್ಲಿ ಬೀಟೆಮರಗಳು, ಪೊಟರೆಗಳಲ್ಲಿ ಜೇನು. ಎಲ್ಲಕ್ಕೂ ದೊಡ್ಡ ಬೀಟೆಯ ಬುಡದಲ್ಲಿ ಅಗೆಯುವ ಕೋಲು ಹಿಡಿದ ಅವ್ವ. ನೆಲವನ್ನೇ ಸೀಳಿ ತೋರಿಸಿದ ಹಾಗೆ ಅವಳ ಕಾಲ ಕೆಳಗೆ ನೂರೆಗೆಣಸು.

“ಈಗ್ಲೇ ಒರೆಸುಸ್ತೀನಿ ಬುದ್ದಿ,” ಎಂದ ಲಿಂಗಯ್ಯ. ನಂಜುಂಡಸ್ವಾಮಿ ಒಳಗೆ ಬಂದಿದ್ದರು.

“ಇರೋ.” ಅವರು ಗೋಡೆಯ ಹತ್ತಿರ ಹೋದರು. “ಇದ್ಯಾವ ಮರಾನಮ್ಮ?”

ಡಿಪೋದಲ್ಲಿ ದುಡಿದ ಎಂಟು ವರ್ಷದಲ್ಲಿ ಅವರ ಬಾಯಿಂದ ಅಮ್ಮ ಅನ್ನುವ ಮಾತು ಕೇಳಿದ್ದು ಅದೇ ಮೊದಲು.

“ಬೀಟೆ ಬುದ್ದಿ. ನಮ್ಮಪ್ಪ ಜೇನು ಕೀಳ್ತಿದ್ದ ಮರ. ನಾನೂ ಅವ್ವನೂ ಸೇರಿ ತಬ್ಬುದ್ರೂ ಕೈಗೆ ಕೈ ಎಟುಕ್ತಿರ್ನಿಲ್ಲ.”

“ಹೌದಾ! ಹೋಗೋದು ಹೆಂಗೆ ಅಲ್ಲಿಗೆ?”

ತಿನ್ನುವುದು ಸಿಗುವ ಜಾಗವನ್ನು ಯಾರು ಕೇಳಿದರೂ ಮುಚ್ಚಿಡಬಾರದು, ಅದು ಅವಳ ಹಾಡಿಯ ಕಟ್ಟಳೆ. ಮುಚ್ಚಿಟ್ಟವರನ್ನು ಮತ್ತೆ ಯಾರೂ ಗೆಣಸಿಗೆ ಜೊತೆಗೆ ಕರೆಯುತ್ತಿರಲಿಲ್ಲ. ಬೊಮ್ಮಿ ಹೇಳಿದಳು. ಬೆರಳಿಟ್ಟು ತೋರಿಸಿ, ನಗುನಗುತ್ತಾ ಹೇಳಿದಳು.

“ಹನ್ನೊಂದು ಬೀಟೆ ಕಣೋ ಲಿಂಗಯ್ಯ! ಇಷ್ಟು ವರ್ಷ ನಮ್ಮ ಕಣ್ಣಿಗೇ ಬಿದ್ದಿಲ್ಲ. ಬಾಯಲ್ಲಿ ಹೇಳಿದ್ರೆ ಗರಗಸದವರಿಗೆ ತಲೆಬುಡ ತಿಳಿಯಲ್ಲ. ಡ್ರಾಯಿಂಗ್ ಮೇಷ್ಟ್ರನ್ನ ಕರಕೊಂಡು ಬಂದು ಹಿಂಗಿಂಗೇ ಕಾಗದಕ್ಕೆ ಇಳಿಸ್ಬುಡು. ದಸರಾ ಕಳೀತಿದ್ದಂಗೆ ಕಡಿಸೋಣ.”

ಬೊಮ್ಮಿಯ ಬೆರಳು ಗೋಡೆಯ ಮೇಲೇ ನಿಂತಿತು. “ಬುದ್ದಿ, ಜೇನುಮರ ಅವು. ಯಾರೂ ಕಡಿಯಾಕಿಲ್ಲ.”

“ಯಾರೂ ಕಡಿಯಲ್ವಂತೆ, ಕೇಳಿದ್ಯೇನೋ! ಇವಳಿಗೊಂದು ಕಾಫಿ ಕುಡಿಸಪ್ಪ, ಮಹಾರಾಣಿಗೆ,” ಎಂದು ನಗುತ್ತಾ ನಂಜುಂಡಸ್ವಾಮಿ ಹೊರಗೆ ಹೋದರು.

ಲಿಂಗಯ್ಯ ಕಾಫಿ ತಂದ. ಅದೇ ಕೆಮ್ಮಣ್ಣಿನ ಕರಟವನ್ನು ಕಾಲಲ್ಲೇ ಅವಳ ಮುಂದೆ ನೂಕಿ, ಮೈ ತಾಗದ ಹಾಗೆ ಎತ್ತರದಿಂದ ಸುರಿದ. “ನೆಕ್ಕು” ಎಂದು, ಮೇಷ್ಟ್ರನ್ನು ಕರೆತರಲು ಸೈಕಲ್ ಹತ್ತಿದ.

ಬೊಮ್ಮಿ ಕರಟ ಮುಟ್ಟಲಿಲ್ಲ. ಕುಂಚವನ್ನು ಸುಣ್ಣದ ಬಕೆಟ್ಟಿಗೆ ಅದ್ದಿದಳು. ಮೊದಲು ಹಳ್ಳ ಹೋಯಿತು. ಆಮೇಲೆ ಆನೆಬಂಡೆ. ಒಂದು ಬೀಟೆ, ಎರಡು, ಐದು. ಹತ್ತನೆಯದಕ್ಕೆ ಕೈ ಎತ್ತುವಾಗ ಹಿಂದಿನಿಂದ ಬಂದ ನಂಜುಂಡಸ್ವಾಮಿ ಅವಳ ತುರುಬು ಹಿಡಿದರು.

“ಏಯ್ ಲೌಡಿ! ಎಲ್ಲಿದ್ವೇ ಮರಗಳು? ತಿರುಗಿ ಬರಿಯೇ!”

“ಮರ್ತೋಯ್ತು.”

ಕಪಾಳಕ್ಕೆ ಬಿತ್ತು. ತುಟಿ ಒಡೆಯಿತು.

“ಎಲ್ಲಿದ್ವು, ಬೊಗಳು!”

“ನಿಮ್ಮನೆ ಬಾಗ್ಲಲ್ಲಿ ಅವೆ. ನೀವು ಮನಿಕ್ಕಳೋ ಮಂಚದಲ್ಲಿ ಅವೆ. ಓಗಿ ಅವುನ್ನೇ ಕೇಳ್ಕಳಿ.”

ಮತ್ತೆ ಬಿತ್ತು. ಅವಳು ಹತ್ತನೆಯ ಮರವನ್ನು ಬಳಿದಳು. ಇನ್ನು ಉಳಿದದ್ದು ದೊಡ್ಡ ಬೀಟೆ ಒಂದೇ, ಅದರ ಬುಡದಲ್ಲಿ ಅವ್ವ. ಹೊರಗೆ ಸೈಕಲ್ ಬೆಲ್ ಕೇಳಿಸಿತು, ಲಿಂಗಯ್ಯನ ದನಿ, “ಬನ್ನಿ ಮೇಷ್ಟ್ರೇ, ಇಲ್ಲೇ.” ತುರುಬು ಅವರ ಮುಷ್ಟಿಯಲ್ಲಿರುವಾಗಲೇ ಬೊಮ್ಮಿ ಕುಂಚವನ್ನು ಬಕೆಟ್ಟಿನ ತಳದ ತನಕ ಅದ್ದಿ ತೆಗೆದು, ಅವ್ವನ ಮುಖದ ಮೇಲಿಂದ ಎಳೆದಳು.