ಮೊದಲ ಲೋಟ

ಗಂಗರತ್ನಮ್ಮ ತಾನಾಗಿ ಬಾಗಿಲಿಗೆ ಬಂದಾಗ ವರಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ವಾರಗಿತ್ತಿಯನ್ನು ಕಂಡರೂ ಪೊರಕೆ ಕೆಳಗಿಡಲಿಲ್ಲ. ಎಂಟು ತಿಂಗಳಿಂದ ಈ ಅಂಗಳ ತುಳಿಯದವಳು ಇವತ್ತು ಮಡಿಲಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದಿದ್ದಾಳೆ ಎಂದರೆ, ಏನೋ ಬೇಕಾಗಿದೆ ಎಂದೇ ಅರ್ಥ.

"ಸುಕ್ರವಾರ ಬಂಗಾರಪೇಟೇಲಿ ಒಸ ಮನೆ ಒಕ್ಲು ಕಣಮ್ಮಿ" ಎಂದಳು ಗಂಗರತ್ನಮ್ಮ. "ಆಲುಕ್ಕಿಸೋಕೆ ನಾಟಿ ಅಸೀನ ಆಲೇ ಆಗ್ಬೇಕಂತೆ, ಅಯ್ಯನೋರು ಏಳವ್ರೆ. ನಮ್ಮ ಕೊಟ್ಟಿಗೇಲಿ ಇರೋವೆಲ್ಲ ಸೀಮೆ ಅಸಗಳು."

"ಊರಲ್ಲಿ ಇನ್ಯಾರ ಮನೇಲೂ ನಾಟಿ ಅಸ ಇಲ್ವಾ ಅಕ್ಕ?"

"ನಿನ್ನ ಕೊಟ್ಟಿಗೇಲಿರೋದು ನಮ್ಮತ್ತೆ ಸಾಕಿದ ಅಸೀನ ಸಂತಾನ. ಮನೇದೇ ಇರೋವಾಗ ಕಂಡೋರ ಬಾಗ್ಲಿಗೆ ಓಗಕಾಯ್ತದಾ?"

"ಬೂಷ್ಟು ವರಲಕ್ಷ್ಮಿ ಮನೆ ಆಲು ಒಸ ಮನೆ ಒಳೀಕೆ ಬರಬೌದಾ ಅಂತ ಬಾವನ್ನೂ ಒಂದ್ಮಾತು ಕೇಳಿದ್ರಾ?"

ಗಂಗರತ್ನಮ್ಮನ ಮುಖ ಸಣ್ಣಗಾಯಿತು. "ಅದನ್ನ ಇನ್ನೂ ಒಟ್ಟೇಲಿ ಮಡಿಕ್ಕಂಡಿದ್ದೀಯಾ?"

"ಒಟ್ಟೇಲಿ ಇಲ್ಲ ಅಕ್ಕ. ಅಟ್ಟದ ಮೇಲೆ ಮಡಗಿವ್ನಿ."

ತಮಾಷೆ ಎಂದುಕೊಂಡು ಗಂಗರತ್ನಮ್ಮ ನಕ್ಕಳು. ತಮಾಷೆಯಾಗಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಭಾವನ ಅಂಗಡಿಯಿಂದ ತಂದ ಕಡಲೆಕಾಯಿ ಹಿಂಡಿ ಅರ್ಧ ಮೂಟೆ ಇನ್ನೂ ಅಟ್ಟದಲ್ಲೇ ಇತ್ತು. ವರಲಕ್ಷ್ಮಮ್ಮ ಅದನ್ನು ಹಸುವಿಗೂ ಹಾಕಿರಲಿಲ್ಲ, ತಿಪ್ಪೆಗೂ ಎಸೆದಿರಲಿಲ್ಲ.

"ತರ್ತೀನಿ, ಓಗಿ" ಎಂದಳು.

ಭಾವ ವೆಂಕಟೇಶಪ್ಪ ಊರಿನ ಹಾಲಿನ ಡೈರಿಗೆ ಅಧ್ಯಕ್ಷ. ಬಂಗಾರಪೇಟೆಯಲ್ಲಿ ಅವನದೇ ಹಿಂಡಿ, ಬೂಸಾದ ಅಂಗಡಿ. ಊರಿನವರೆಲ್ಲ ಅವನ ಡೈರಿಗೆ ಹಾಲು ಹಾಕಿ, ಅವನ ಅಂಗಡಿಯಲ್ಲೇ ಹಿಂಡಿ ಕೊಳ್ಳುತ್ತಿದ್ದರು. ಆ ಮಳೆಗಾಲದಲ್ಲಿ ಒಂದು ದಿನ ಊರಿನ ಹಾಲು ಅಷ್ಟೂ ಒಕ್ಕೂಟದಿಂದ ವಾಪಸು ಬಂತು. ಜೊತೆಗೆ ಪರೀಕ್ಷೆ ಮಾಡುವ ಹುಡುಗಿ ಹರಿಪ್ರಿಯಾ ಬಂದಳು. ಹಾಲಿನಲ್ಲಿ ಬೂಷ್ಟಿನ ವಿಷ ಇದೆ ಎಂದಳು. ಬೂಷ್ಟು ಹಿಡಿದ ಹಿಂಡಿಯನ್ನೋ ಜೋಳವನ್ನೋ ಹಸು ತಿಂದರೆ ಮಾರನೆಯ ದಿನವೇ ಅದು ಹಾಲಿಗೆ ಇಳಿಯುತ್ತದೆ, ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ಒಂದು ದಿನ ಕುಡಿದವರಿಗೆ ಏನೂ ಆಗದು, ದಿನಾ ಕುಡಿಯುವ ಮಕ್ಕಳ ಲಿವರಿಗೆ ಒಳ್ಳೆಯದಲ್ಲ. ಆ ಮೇವು ನಿಲ್ಲಿಸಿದರೆ ಕೆಲವೇ ದಿನದಲ್ಲಿ ಹಾಲು ತಾನೇ ಸರಿಹೋಗುತ್ತದೆ. "ಯಾರಾದ್ರೂ ಬೂಷ್ಟು ಬಂದ ಹಿಂಡಿ ಹಾಕಿದ್ದೀರಾ?" ಎಂದು ಅವಳು ಕೇಳಿದಳು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬಾಯಿ ಬಿಡುವ ಮೊದಲೇ ವೆಂಕಟೇಶಪ್ಪ ಮುಂದೆ ಬಂದು, ಸಾಲಿನಲ್ಲಿ ನಿಂತಿದ್ದ ವರಲಕ್ಷ್ಮಮ್ಮನ ಕೈಯಿಂದ ಕ್ಯಾನು ಕಿತ್ತುಕೊಂಡು ಚರಂಡಿಗೆ ಸುರಿದುಬಿಟ್ಟ. "ನಮ್ಮನೇವ್ಳೇ ಅಂತ ನಾನು ಮುಚ್ಚಿಡಕ್ಕಿಲ್ಲ. ಮುಗ್ಗಿದ್ದು, ಕೊಳ್ತಿದ್ದು, ಸಿಕ್ಕಿದ್ದೆಲ್ಲ ಅಸೀಗೆ ತುರುಕ್ತಾಳೆ ಇವ್ಳು."

ಸ್ವಂತ ಮನೆಯವಳನ್ನೇ ಬಿಡಲಿಲ್ಲ, ಎಂಥ ನ್ಯಾಯವಂತ ಎಂದು ಜನ ಮಾತಾಡಿಕೊಂಡರು. ವರಲಕ್ಷ್ಮಮ್ಮನ ಗಂಡ ಗೋಪಾಲಪ್ಪ ಅಲ್ಲೇ ಇದ್ದ. ಅಣ್ಣನೆದುರು ತಲೆಯೆತ್ತಿ ಗೊತ್ತಿಲ್ಲದವನು, ಖಾಲಿ ಕ್ಯಾನು ಎತ್ತಿಕೊಂಡು ಮನೆಯ ದಾರಿ ಹಿಡಿದ. ಅವತ್ತಿನಿಂದ ಅವಳು ಬೂಷ್ಟು ವರಲಕ್ಷ್ಮಿ.

ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ನುಂಗಲಾಗದ್ದು ಭಾರ್ಗವಿಯ ಮಾತು. ಬೆಳಗಿನ ಹಾಲನ್ನು ವರಲಕ್ಷ್ಮಮ್ಮ ಮಾರಿಕುಪ್ಪಂ ರೈಲಿನಲ್ಲಿ ಕೆಜಿಎಫ್‌ಗೆ ಒಯ್ದು, ಫ್ಯಾಕ್ಟರಿ ಕ್ವಾರ್ಟರ್ಸಿನ ಕೆಲವು ಮನೆಗಳಿಗೆ ಹಾಕುತ್ತಿದ್ದಳು. ಅದರಲ್ಲೊಂದು ಮನೆಯಾಕೆ, ದಾವಣಗೆರೆ ಕಡೆಯಿಂದ ಬಂದ ಭಾರ್ಗವಿ, ಎದೆಹಾಲು ಬಿಡಿಸಿದಾಗಿನಿಂದ ಮಗುವಿಗೆ ಕುಡಿಸಿದ್ದು ಈ ಹಾಲನ್ನೇ. ಸುದ್ದಿ ಅಲ್ಲಿಗೂ ತಲುಪಿತು. ಭಾರ್ಗವಿ ಜಗಳವಾಡಲಿಲ್ಲ. ಬಾಗಿಲಲ್ಲೇ ನಿಂತು ಮಗುವನ್ನು ಸೆರಗಿನೊಳಗೆ ಎಳೆದುಕೊಂಡು, "ನಂಬಿ ಕುಡಿಸಿದ್ನಲ್ರೀ ಅಮ್ಮ. ಇವನಿಗೇನಾದ್ರೂ ಆಗ್ತದೇನ್ರೀ? ನಿಜ ಹೇಳ್ರಿ" ಎಂದಳು.

ವರಲಕ್ಷ್ಮಮ್ಮ ತಲೆ ತಗ್ಗಿಸಿ, ಕ್ಯಾನು ಎತ್ತಿಕೊಂಡು ಸ್ಟೇಷನ್ನಿಗೆ ನಡೆದಳು.

ವಾಪಸು ಬರುವ ರೈಲಿನಲ್ಲಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಾಗ, ಎದುರಿಗೆ ಬಂದು ಕೂತವನು ಭಾವನ ಗೋಡೌನಿನಲ್ಲಿ ಮೂಟೆ ಹೊರುವ ಕುಪ್ಪುಸ್ವಾಮಿ.

"ಅಳಬೇಡ ಅಕ್ಕಾ. ನಾನ್ ಸೊಲ್ರೇನ್, ಕೇಳು. ಗೋಡೌನ್ ಮೇಲೆ ಶೀಟು ಹಾರಿಹೋಯ್ತಲ್ಲಾ, ಮಳೇಲಿ ಮಾಲೆಲ್ಲಾ ನನೈಂಜು ಪೋಚ್ಚು, ಪೂರಾ ನೆನೆದುಹೋಯ್ತು. ಪಚ್ಚಗೆ ಬೂಷ್ಟು ಬಂತು. ಸಾರ್ ಏನು ಮಾಡಿದ್ರು ಗೊತ್ತಾ? ಟೆರೇಸ್ ಮೇಲೆ ಒಣಗಿಸಿ, ಬೇರೆ ಚೀಲಕ್ಕೆ ತುಂಬ್ಸಿ ನಿಮಗೆಲ್ಲಾ ಮಾರಿದ್ರು."

"ಅವರ ಅಸಗಳಿಗೂ ಅದನ್ನೇ ಆಕುದ್ರಾ?"

"ಅಯ್ಯೋ, ಅವರ ಹಸುಗೆ ಹೊಸಾ ಮಾಲು ಅಕ್ಕಾ. ನಾನೇ ಹೊತ್ತು ಹಾಕಿದ್ದೇನೆ."

ಎಂಟು ತಿಂಗಳು ವರಲಕ್ಷ್ಮಮ್ಮ ಈ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಯಾರು ನಂಬುತ್ತಿದ್ದರು? ಸೀಮೆ ಹಸುವನ್ನು ಮಾರಿದಳು. ಅತ್ತೆಯ ಕಾಲದ ತಳಿಯ ನಾಟಿ ಹಸುವೊಂದನ್ನು ಉಳಿಸಿಕೊಂಡಳು. ಬೆಳಿಗ್ಗೆ ಸಂಜೆ ಅಟ್ಟದ ಕಡೆ ಕಣ್ಣು ಹಾಯಿಸುವುದು, ಬೇರೆಯವರು ದೇವರ ಗೂಡಿಗೆ ಕೈ ಮುಗಿಯುವಂತೆ, ಅವಳಿಗೆ ಅಭ್ಯಾಸವಾಗಿತ್ತು.

ಗಂಗರತ್ನಮ್ಮ ಹೋದ ಮೇಲೆ ಏಣಿ ಹಾಕಿ ಮೂಟೆ ಇಳಿಸಿದಳು. ಹಿಂಡಿಯ ಮೇಲೆ ಹಸಿರು ಹುಡಿ ಕೂತಿತ್ತು. ಒಂದು ಬೊಗಸೆ ಬಕೆಟ್ಟಿಗೆ ಹಾಕಿ ನೀರು ಬಿಟ್ಟು ಕಲಸಿದಳು. ಭಾವನ ಹೊಸ ಮನೆ, ಭಾವನ ಹಿಂಡಿ, ಭಾವನ ಬಾಯಿ. ಲೆಕ್ಕ ಸರಿಯಾಗಿತ್ತು. ಹಸು ಕತ್ತು ಚಾಚಿತು. ಬಕೆಟ್ಟು ಮುಂದಿಡಲು ಹೋದವಳಿಗೆ ಭಾವನ ಸೊಸೆ ಅರ್ಚನ ನೆನಪಾದಳು, ಅವಳ ಕಂಕುಳಲ್ಲಿ ಈಗಷ್ಟೇ ಹಲ್ಲು ಬರುತ್ತಿರುವ ಕೂಸು. ಉಕ್ಕಿಸಿದ ಹಾಲು ಆ ಕೂಸಿನ ಬಾಯಿಗೂ ಹೋಗುತ್ತದೆ. ಭಾರ್ಗವಿಯ ಮಗುವಿಗೆ ಈ ಭಾವ ಮಾಡಿದ್ದೂ ಇದನ್ನೇ, ವರಲಕ್ಷ್ಮಮ್ಮನ ಕೈಯಿಂದ. ಇನ್ನೊಂದು ಸಲ ಅದೇ ಕೈ ಆಗುವುದೇ?

ಬಕೆಟ್ಟನ್ನೂ ಮೂಟೆಯಲ್ಲಿದ್ದುದನ್ನೂ ತಿಪ್ಪೆಗುಂಡಿಗೆ ಸುರಿದು ಮಣ್ಣು ಎಳೆದಳು. ಹಸುವಿಗೆ ರಾಗಿ ಹುಲ್ಲು ಹಾಕಿದಳು. ಹಿಂಡಿ ಮಣ್ಣಿಗೆ ಹೋಯಿತು, ಸಿಟ್ಟು ಹೋಗಲಿಲ್ಲ. ಖಾಲಿ ಚೀಲವನ್ನು ಒದರಿ, ಮಡಿಸಿ, ಹಾಲಿನ ಕ್ಯಾನಿನ ಪಕ್ಕದಲ್ಲಿಟ್ಟಳು.

ಶುಕ್ರವಾರ ಬೆಳಿಗ್ಗೆ ಹೊಸ ಮನೆಯ ಅಡುಗೆಮನೆಯಲ್ಲಿ ಹಾಲು ಪೂರ್ವಕ್ಕೇ ಉಕ್ಕಿತು. ಹೆಂಗಸರು ಒಳ್ಳೆಯ ಶಕುನವೆಂದರು. ಸಕ್ಕರೆ ಹಾಕಿ ಗಂಗರತ್ನಮ್ಮ ಎರಡು ಗುಟುಕು ರುಚಿ ನೋಡಿ ತಲೆಯಾಡಿಸಿದಳು. ಹಾಲು ತಂದವಳೇ ಮೊದಲ ಲೋಟವನ್ನು ಯಜಮಾನನ ಕೈಗೆ ಕೊಡಬೇಕು. ಅದು ಅತ್ತೆ ಹಾಕಿಕೊಟ್ಟ ಪದ್ಧತಿ. ನಡುಮನೆ ತುಂಬ ಜನ, ಅರ್ಧ ಮಂದಿ ಡೈರಿಗೆ ಹಾಲು ಹಾಕುವವರೇ.

ಆದರೆ ವರಲಕ್ಷ್ಮಮ್ಮ ಎರಡು ಲೋಟ ತಂದಳು. ಒಂದನ್ನು ಭಾವನಿಗೆ ಕೊಟ್ಟಳು. ಇನ್ನೊಂದನ್ನು ಅವನೆದುರಿಗೇ ಕೂತಿದ್ದ ಅರ್ಚನಳ ಕೈಗಿಟ್ಟು, "ಕೂಸಿಗೆ ಕುಡ್ಸಮ್ಮಿ" ಎಂದಳು. ಭಾವನನ್ನು ಅವಳು ಬಲ್ಲಳು. ಮಾನದ ಪ್ರಶ್ನೆ ಬಂದರೆ ತಾನು ವಿಷವನ್ನಾದರೂ ಕುಡಿದು ಮೀಸೆ ಒರೆಸಿಕೊಳ್ಳುವ ಗಂಡು ಅವನು.

"ಕುಡೀರಿ ಬಾವ. ನಾಕು ದಿನದಿಂದ ಅಸೀಗೆ ನಿಮ್ಮಂಗಡಿ ಇಂಡೀನೇ ಆಕಿವ್ನಿ" ಎಂದು ಕಂಕುಳಿಂದ ಚೀಲ ತೆಗೆದು ಬಿಡಿಸಿದಳು. "ಮಳೆಗಾಲದಲ್ಲಿ ಕೊಟ್ರಲ್ಲಾ, ಅದೇ ಮೂಟೆ. ಮಿಕ್ಕಿತ್ತು. ಒಳ್ಳೆ ಮಾಲಲ್ವಾ, ಯಾಕೆ ಬಿಸಾಕ್ಲಿ?"

ವೆಂಕಟೇಶಪ್ಪನ ಕೈ ನಿಂತಿತು. ಜನರ ಮುಖ ನೋಡಿದ, ನಕ್ಕ, ಲೋಟ ತುಟಿಗೆ ತಂದೇಬಿಟ್ಟ. ಅಷ್ಟರಲ್ಲಿ ಅರ್ಚನ ಲೋಟ ಬಗ್ಗಿಸಿದಳು. ಕೂಸು ಬಾಯಿ ತೆರೆಯಿತು.

"ಕುಡಿಸ್ಬೇಡ! ಲೇ, ಚೆಲ್ಲಲೇ ಅದನ್ನ!"

ಕೂಗಿದ ರಭಸಕ್ಕೆ ಅವನ ಲೋಟವೇ ಕೈಜಾರಿ ಹೊಸ ನೆಲದ ಮೇಲೆ ಹಾಲು ಹರಿಯಿತು. ಕೂಸು ಬೆಚ್ಚಿ ಅತ್ತಿತು.

ಮೂಲೆಯಲ್ಲಿದ್ದ ಮುದುಕಿ ಅಮ್ಮಾಜಮ್ಮ ಗೋಡೆ ಹಿಡಿದು ಎದ್ದಳು. ನಾಲ್ಕು ಹಸು ಕಟ್ಟಿಕೊಂಡು ಡೈರಿಯನ್ನೇ ನಂಬಿದವಳು. "ಯಾಕ್ಲಾ ಎಂಕಟೇಶ? ಯಾಕ್ಲಾ ಚೆಲ್ಬೇಕು? ಅದೇ ಮಾಲೇ ಅಲ್ವಾ ನನ್ಗೂ ಕೊಟ್ಟಿದ್ದು? ಅದೇ ಆಲು ಅಲ್ವಾ ನನ್ನ ಮೊಮ್ಮಕ್ಕಳು ಕುಡಿದಿದ್ದು?"

"ಅದು ಅಂಗಲ್ಲ ಅಮ್ಮಾ..."

"ಇನ್ನೆಂಗ್ಲಾ? ನಿನ್ನ ಮೊಮ್ಮಗೂಗೆ ಬ್ಯಾಡ, ನಮ್ಮವಕ್ಕೆ ಆಗ್ಬೌದಾ? ಮುಗ್ಗಿದ್ದು ತುರುಕ್ತಾಳೆ ಅಂತ ಇವಳ ಆಲು ಚರಂಡಿಗೆ ಉಯ್ದ್ಯಲ್ಲಾ, ಮುಗ್ಗಿದ್ದು ಮಾರ್ದೋನು ಯಾವನ್ಲಾ?"

ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಗೋಪಾಲಪ್ಪ ಕೂಡ ಎದ್ದು ನಿಂತು, "ನೀನೇ ಏಳಣ್ಣ, ಮಾರ್ದೋನು ಯಾವನು?" ಎಂದ. ವರಲಕ್ಷ್ಮಮ್ಮ ಅದನ್ನು ಕೇಳಿಸಿಕೊಂಡಳು, ತಿರುಗಿ ನೋಡಲಿಲ್ಲ. ಎಂಟು ತಿಂಗಳು ತಡವಾಗಿ ಬಂದ ಮಾತಿಗೆ ಮುಖ ತೋರಿಸುವ ಅಗತ್ಯ ಅವಳಿಗೆ ಕಾಣಲಿಲ್ಲ. ಅರ್ಚನಳ ಹತ್ತಿರ ಬಗ್ಗಿ, ಕೂಸಿನ ಗಲ್ಲಕ್ಕೆ ಅಂಟಿದ ಒಂದು ಹನಿಯನ್ನು ಸೆರಗಿನಿಂದ ಒರೆಸಿ, ಕಿವಿಯಲ್ಲಿ ಹೇಳಿದಳು: "ಎದರ್ಬೇಡ ಕಣಮ್ಮಿ. ರಾಗಿ ಉಲ್ಲು ತಿಂದ ಅಸೀನ ಆಲದು. ನಿಮ್ಮತ್ತೆ ಮಾವಂಗೆ ಮಾತ್ರ ಏಳ್ಬೇಡ."

ಅರ್ಚನ ಕಣ್ಣು ಅರಳಿಸಿ ಅವಳನ್ನೇ ನೋಡಿದಳು. ಮತ್ತೆ ತಲೆ ತಗ್ಗಿಸಿ ಕೂಸನ್ನು ತಟ್ಟತೊಡಗಿದಳು.

ಹಿತ್ತಲ ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಗಂಗರತ್ನಮ್ಮ ಓಡಿಬಂದು ರಟ್ಟೆ ಹಿಡಿದುಕೊಂಡಳು. ಮೈಸೂರು ರೇಷ್ಮೆಯ ಸೆರಗು ಜಾರಿದ್ದೂ ಅವಳಿಗೆ ತಿಳಿದಿರಲಿಲ್ಲ.

"ನಾನು ಎರಡು ಗುಟುಕು ಕುಡಿದ್ಬುಟ್ನಲ್ಲೇ. ದಿಟ ಏಳು, ಅಸೀಗೆ ಅದನ್ನೇ ಆಕಿದ್ದಾ? ನಂಗೇನಾರ ಆಯ್ತದಾ?"

ಅದೇ ಪ್ರಶ್ನೆ. ಕ್ವಾರ್ಟರ್ಸಿನ ಬಾಗಿಲಲ್ಲಿ ತಾನು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡ ಪ್ರಶ್ನೆ. ಅವತ್ತು ಉತ್ತರವಿರಲಿಲ್ಲ. ಇವತ್ತು ನಾಲಿಗೆಯ ತುದಿಯಲ್ಲೇ ಇತ್ತು, ಹೇಳಿದರೆ ಗಂಗರತ್ನಮ್ಮನ ಭಯ ಈ ಕ್ಷಣವೇ ಕಳೆಯುತ್ತಿತ್ತು. ವರಲಕ್ಷ್ಮಮ್ಮ ವಾರಗಿತ್ತಿಯ ಜಾರಿದ ಸೆರಗನ್ನು ಎತ್ತಿ ಹೆಗಲಿಗೆ ಹಾಕಿದಳು.

"ಆಲು ಚೆನ್ನಾಗಿತ್ತಾ ಅಕ್ಕ?"

"ಚೆನ್ನಾಗೇ ಇತ್ತು ಕಣೇ..."

"ಕೆಜಿಎಫ್‌ನಲ್ಲಿ ದಿನಾ ಕುಡೀತಿದ್ದ ಆ ಮಗೂಗೂ ಚೆನ್ನಾಗೇ ಇತ್ತಂತೆ."

ರಟ್ಟೆ ಬಿಡಿಸಿಕೊಂಡು, ಖಾಲಿ ಕ್ಯಾನು ಎತ್ತಿಕೊಂಡು, ಸ್ಟೇಷನ್ನಿನ ಕಡೆ ಹೊರಟಳು. ಮಾರಿಕುಪ್ಪಂ ರೈಲಿಗೆ ಇನ್ನೂ ಹೊತ್ತಿತ್ತು. ಬೂಷ್ಟಿನ ಹಿಂಡಿ ಯಾರದೆಂದು ಭಾರ್ಗವಿಗೆ ಹೇಳಲು ಈಗ ಊರೇ ಸಾಕ್ಷಿಯಿತ್ತು. ಅದನ್ನು ಇವತ್ತೇ ಹೇಳಿಬರಬೇಕು. ವಾರಗಿತ್ತಿಗೆ ಹೇಳಬೇಕಾದ್ದನ್ನು ಎಂಟು ತಿಂಗಳು ಬಿಟ್ಟು ಹೇಳಿದರಾಯಿತು.